ಟೆನ್ಸ್ ಹಾಕಿಕೊಂಡು ಮಲಗಬೇಡಿ

ಟೆನ್ಸ್ ಎಂದರೆ ಚರ್ಮಕ್ಕೆ ಪ್ಯಾಡು ಅಂಟಿಸಿ, ಸಣ್ಣ ಕರೆಂಟಿನಿಂದ ನರಗಳನ್ನು ಕೆರಳಿಸಿ ನೋವು ತಗ್ಗಿಸುವ ಪುಟ್ಟ ಮಷೀನು. ಇಡೀ ಮೈ ಬಹುಕಾಲ ನೋಯುವ ಕಾಯಿಲೆಯಾದ ಫೈಬ್ರೊಮಯಾಲ್ಜಿಯಾ ಇರುವವರ ಮನೆಯಲ್ಲಿ ಟೆನ್ಸ್ ಮಷೀನು ಹುಡುಕಿದರೆ ಅದು ಸಿಗುವುದು ಸಾಮಾನ್ಯವಾಗಿ ಡ್ರಾಯರಿನ ತಳದಲ್ಲಿ. ವಯರುಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತವೆ, ಪ್ಯಾಡುಗಳ ಅಂಟು ಒಣಗಿ ಗರಿಗರಿಯಾಗಿರುತ್ತದೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಹಾಕ್ಕೊಂಡಾಗ ಹಾಯ್ ಅನ್ಸುತ್ತೆ, ತೆಗೆದ ಮೇಲೆ ಮತ್ತೆ ಅದೇ ಕತೆ." ಅವರನ್ನೇ ವ್ಯಾಯಾಮದ ಬಗ್ಗೆ ಕೇಳಿ ನೋಡಿ: "ನಡೀರಿ ಅಂದ್ರು. ನಡೆದೆ. ಎರಡು ದಿನ ಏಳಕ್ಕಾಗ್ಲಿಲ್ಲ." ಎರಡೂ ದೂರುಗಳು ನಿಜವೇ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮಷೀನು ಹಾಕಿಕೊಂಡಾಗ ಅವರು ಮಲಗಿದ್ದರು. ನಡೆಯುವಾಗ ಮಷೀನು ಡ್ರಾಯರಿನಲ್ಲಿತ್ತು.

ಈ ತಪ್ಪನ್ನು ರೋಗಿಗಳ ತಲೆಗೆ ಕಟ್ಟುವಂತಿಲ್ಲ. ಚಿಕಿತ್ಸಾ ಕೋಣೆಗಳಲ್ಲಿ ಟೆನ್ಸ್ ಕೊಡುವ ರೀತಿಯೇ ಹಾಗೆ: ಮಂಚದ ಮೇಲೆ ಬೋರಲು ಮಲಗಿಸಿ, ನೋವಿರುವ ಜಾಗಕ್ಕೆ ಪ್ಯಾಡು ಅಂಟಿಸಿ, ಜುಮ್ ಎನ್ನುವಷ್ಟು ಕರೆಂಟು ಕೊಟ್ಟು, ಹದಿನೈದು ನಿಮಿಷಕ್ಕೆ ಟೈಮರ್ ಇಟ್ಟು ಹೋಗುತ್ತಾರೆ. ಮನೆಗೆ ಮಷೀನು ತಂದವರು ಅದನ್ನೇ ನಕಲು ಮಾಡುತ್ತಾರೆ. ಮಾತ್ರೆಯ ಹಾಗೆ ಇದೂ ನೋವನ್ನು "ತೆಗೆಯಬೇಕು" ಎಂಬ ನಿರೀಕ್ಷೆ ಬೇರೆ. ಫೈಬ್ರೊಮಯಾಲ್ಜಿಯಾದಲ್ಲಿ ಟೆನ್ಸ್‌ನ ಕೆಲಸ ಅದಲ್ಲ. ಚಲನೆ ಸ್ವಲ್ಪ ಕಡಿಮೆ ನೋಯುವ ಒಂದಷ್ಟು ಹೊತ್ತನ್ನು ಅದು ದೊರಕಿಸಿಕೊಡುತ್ತದೆ. ಆ ಹೊತ್ತನ್ನು ಮಲಗಿ ಕಳೆದರೆ ಮಷೀನು ಮಾಡಿದ್ದೆಲ್ಲ ಅಲ್ಲಿಗೇ ಮುಗಿಯಿತು.

ಕುಳಿತಾಗಿನ ನೋವು, ಎದ್ದಾಗಿನ ನೋವು

"ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ" ಎಂದು ಕೇಳುವುದು ಯಾವಾಗ? ರೋಗಿ ಕುರ್ಚಿಯಲ್ಲಿ ಕುಳಿತಿರುವಾಗ. ಮೆಟ್ಟಿಲು ಹತ್ತುತ್ತಿರುವಾಗ, ಬಟ್ಟೆ ಹಿಂಡುವಾಗ, ಮಗುವನ್ನು ಎತ್ತಿಕೊಳ್ಳುವಾಗ ಯಾರೂ ಕೇಳುವುದಿಲ್ಲ. ಬದುಕನ್ನು ಕುಗ್ಗಿಸುವುದು ಈ ಎರಡನೆಯ ನೋವು. ಆರೋಗ್ಯವಂತರಲ್ಲಿ ಒಂದಷ್ಟು ಹೊತ್ತು ವ್ಯಾಯಾಮ ಮಾಡಿದರೆ ನೋವಿನ ಸಂವೇದನೆ ಸ್ವಲ್ಪ ಮೊಂಡಾಗುತ್ತದೆ. ಮಿದುಳಿನಿಂದ ಬೆನ್ನುಹುರಿಗೆ ಇಳಿದು ಬರುವ ನೋವು ತಡೆಯುವ ದಾರಿಗಳು ಆಗ ಚುರುಕಾಗುತ್ತವೆ. ಫೈಬ್ರೊಮಯಾಲ್ಜಿಯಾ ಇರುವ ಹಲವರಲ್ಲಿ ಈ ತಡೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಲವರಲ್ಲಿ ವ್ಯಾಯಾಮದಿಂದ ನೋವು ಏರುವುದೂ ಉಂಟು. ನಡೆದರೆ ನೋವು, ನೋವಿಗೆ ಹೆದರಿ ನಡೆಯದಿದ್ದರೆ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯುವಿಗೆ ಅದೇ ನಡಿಗೆ ಇನ್ನಷ್ಟು ಭಾರ.

ಅತ್ತ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವಾದ ಯೂಲಾರ್ 2016ರಲ್ಲಿ ಫೈಬ್ರೊಮಯಾಲ್ಜಿಯಾದ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿದಾಗ "ಬಲವಾದ ಶಿಫಾರಸು" ಸಿಕ್ಕಿದ್ದು ಒಂದಕ್ಕೆ ಮಾತ್ರ: ವ್ಯಾಯಾಮ. ಯಾವ ಮಾತ್ರೆಗೂ ಅದು ಸಿಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಆಧಾರವಿರುವ ಮದ್ದೇ ನುಂಗಲು ಎಲ್ಲಕ್ಕಿಂತ ಕಷ್ಟದ್ದು. ಟೆನ್ಸ್ ಪ್ರಶ್ನೆ ಬರುವುದು ಇಲ್ಲಿ.

ಇದನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನ ಅಮೆರಿಕದ ಅಯೋವಾ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳದ್ದು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 301 ಮಹಿಳೆಯರು, ಮೂರು ಗುಂಪು: ನಿಜವಾದ ಟೆನ್ಸ್, ಹುಸಿ ಟೆನ್ಸ್, ಏನೂ ಇಲ್ಲದ್ದು. ಹುಸಿ ಮಷೀನು ಜಾಣತನದ್ದು. ಮುಕ್ಕಾಲು ನಿಮಿಷ ನಿಜವಾಗಿಯೇ ಜುಮ್ಮೆನಿಸಿ, ಆಮೇಲೆ ಸದ್ದಿಲ್ಲದೆ ಸೊನ್ನೆಗೆ ಇಳಿಯುತ್ತದೆ, ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ದಿನಕ್ಕೆ 2 ಗಂಟೆ, ಅದೂ ಓಡಾಡುತ್ತಿರುವ ಹೊತ್ತಿನಲ್ಲಿ, 4 ವಾರ ಹಾಕಿಕೊಳ್ಳಬೇಕಿತ್ತು. ಮುಖ್ಯವಾಗಿ ಅಳೆದದ್ದು 6 ನಿಮಿಷದ ನಡಿಗೆಯಲ್ಲಿ ಆಗುವ ನೋವನ್ನು. ನಿಜವಾದ ಟೆನ್ಸ್ ಗುಂಪಿನಲ್ಲಿ 100ಕ್ಕೆ 44 ಜನರಿಗೆ ಚಲನೆಯ ನೋವು ಶೇ. 30 ಅಥವಾ ಅದಕ್ಕಿಂತ ಹೆಚ್ಚು ಇಳಿದಿತ್ತು. ಹುಸಿ ಗುಂಪಿನಲ್ಲಿ 22, ಏನೂ ಇಲ್ಲದವರಲ್ಲಿ 14. ಸುಸ್ತೂ ಕಡಿಮೆಯಾಗಿತ್ತು. ಇದನ್ನು ಪವಾಡ ಎನ್ನಲಾಗದು. ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟು ಇಳಿಕೆ ಸಿಗಲಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಆದರೂ ಈ ಕಾಯಿಲೆಯಲ್ಲಿ ಅಡ್ಡಪರಿಣಾಮ ಅಷ್ಟಾಗಿ ಇಲ್ಲದ ಸಾಧನವೊಂದು ಇಷ್ಟು ಕೊಟ್ಟರೆ ತಳ್ಳಿಹಾಕುವ ಹಾಗಿಲ್ಲ.

ನೋವಿರುವ ಕಡೆಯೇ ಅಂಟಿಸಬೇಕೆ?

ಬೇಡ. ಇಡೀ ಮೈ ನೋಯುವವರಿಗೆ ಎಲ್ಲಿ ಅಂತ ಅಂಟಿಸುವುದು? ಆ ಅಧ್ಯಯನದಲ್ಲಿ ಪ್ಯಾಡುಗಳಿದ್ದದ್ದು ಎರಡೇ ಜಾಗದಲ್ಲಿ: ಕತ್ತಿನ ಬುಡ ಮತ್ತು ಸೊಂಟ, ಬೆನ್ನೆಲುಬಿನ ಎರಡೂ ಪಕ್ಕ. ಇದೇ ತಂಡದ 2013ರ ಇನ್ನೊಂದು ಪರೀಕ್ಷೆಯಲ್ಲಿ ಬೆನ್ನಿಗೆ ಟೆನ್ಸ್ ಕೊಟ್ಟಾಗ ಬೆನ್ನಿನಲ್ಲಷ್ಟೇ ಅಲ್ಲ, ಕಾಲಿನಲ್ಲೂ ಒತ್ತಡ ತಾಳುವ ಶಕ್ತಿ ಹೆಚ್ಚಿತ್ತು. ಕರೆಂಟು ಕಾಲಿಗೆ ಹೋಗಿಲ್ಲ, ಪರಿಣಾಮ ಹೋಗಿದೆ.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮುಂದಿಟ್ಟ ದ್ವಾರ ಸಿದ್ಧಾಂತ ಹೇಳಿದ್ದು ಇದರ ಒಂದು ಭಾಗ: ಸ್ಪರ್ಶ ಒಯ್ಯುವ ದಪ್ಪ ನರತಂತುಗಳನ್ನು ಕೆರಳಿಸಿದರೆ ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸುದ್ದಿಗೆ ತಡೆ ಬೀಳುತ್ತದೆ. ಪೆಟ್ಟು ಬಿದ್ದ ಜಾಗವನ್ನು ನಾವು ತಿಕ್ಕಿಕೊಳ್ಳುವುದೂ ಅದಕ್ಕೇ. ಆಮೇಲಿನ ಸಂಶೋಧನೆ ಇನ್ನೊಂದು ಪದರ ಸೇರಿಸಿತು. ಟೆನ್ಸ್ ಮಿದುಳುಕಾಂಡದ ಮೂಲಕ ಮೇಲಿನಿಂದ ಇಳಿಯುವ ತಡೆಯನ್ನೂ ಎಬ್ಬಿಸುತ್ತದೆ, ನಮ್ಮ ದೇಹವೇ ತಯಾರಿಸುವ, ನೋವು ತಗ್ಗಿಸುವ ರಾಸಾಯನಿಕಗಳಾದ ಓಪಿಯಾಯ್ಡ್‌ಗಳನ್ನು ಬಳಸಿಕೊಳ್ಳುತ್ತದೆ. ಸೆಕೆಂಡಿಗೆ 10ಕ್ಕಿಂತ ಕಡಿಮೆ ಮಿಡಿತದ ಕರೆಂಟು ಮ್ಯೂ ಎಂಬ ಗ್ರಾಹಕಗಳ (ನರಕೋಶದಲ್ಲಿ ಓಪಿಯಾಯ್ಡ್ ಬಂದು ಕೂರುವ ತಾಣಗಳು) ಮೂಲಕ, 50ರಿಂದ 100ರ ಮಿಡಿತದ್ದು ಡೆಲ್ಟಾ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆ. ಪುಸ್ತಕದ ಬದನೆಕಾಯಿ ಅನ್ನಿಸಬಹುದು, ಆದರೆ ಮಷೀನಿನ ಸೆಟ್ಟಿಂಗ್ ಪೂರ್ತಿ ಇದರ ಮೇಲೆಯೇ ನಿಂತಿದೆ. ಟ್ರಮಡಾಲ್, ಕೊಡೀನ್ ಥರದ ಓಪಿಯಾಯ್ಡ್ ಮಾತ್ರೆಗಳನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರಲ್ಲಿ ಮ್ಯೂ ಗ್ರಾಹಕಗಳು ಆಗಲೇ ಒಗ್ಗಿಹೋಗಿರುತ್ತವೆ. ಅವರಿಗೆ ಕಡಿಮೆ ಮಿಡಿತದ ಟೆನ್ಸ್ ನಾಟುವುದಿಲ್ಲ, ಹೆಚ್ಚು ಮಿಡಿತದ್ದೇ ಬೇಕು.

ಒಗ್ಗಿಕೊಳ್ಳುವಿಕೆ ಟೆನ್ಸ್‌ಗೂ ಇದೆ. ಒಂದೇ ಮಿಡಿತ, ಒಂದೇ ತೀವ್ರತೆಯಲ್ಲಿ ದಿನಾ ಕೊಟ್ಟರೆ ನಾಲ್ಕೈದನೆಯ ದಿನಕ್ಕೆ ಪರಿಣಾಮ ಇಳಿಯತೊಡಗುತ್ತದೆ. "ಮೊದಲ ವಾರ ಚೆನ್ನಾಗಿತ್ತು, ಆಮೇಲೆ ಏನೂ ಆಗ್ಲಿಲ್ಲ" ಎನ್ನುವವರ ಕತೆ ಬಹುಪಾಲು ಇದೇ. ಪರಿಹಾರ ಸುಲಭ: ಮಿಡಿತ ಬದಲಾಗುತ್ತಿರಬೇಕು. ಮಾಡ್ಯುಲೇಷನ್ ಎಂಬ ಆಯ್ಕೆ ಇದ್ದರೆ ಅದನ್ನೇ ಇಡಿ. 2020ರ ಅಧ್ಯಯನದಲ್ಲಿ ಸೆಕೆಂಡಿಗೆ 2ರಿಂದ 125 ಮಿಡಿತ, ಅಂದರೆ 2ರಿಂದ 125 ಹರ್ಟ್ಸ್‌ವರೆಗೆ ಏರಿಳಿಯುವ ಕರೆಂಟು ಬಳಸಿದ್ದರು. ಅದಿಲ್ಲದ ಮಷೀನಾದರೆ ಒಂದು ದಿನ 100, ಮರುದಿನ 4.

ಪ್ಯಾಡು, ವಯರು, ಗುಂಡಿ

ಬೇಕಾದದ್ದು, ಎರಡು ಜೋಡಿ ಪ್ಯಾಡಿಗೆ ಬೇರೆ ಬೇರೆಯಾಗಿ ಕರೆಂಟು ಕೊಡುವ, ಎರಡು ಚಾನೆಲ್‌ನ ಮಷೀನು, ನಾಲ್ಕು ಪ್ಯಾಡು. ಪ್ಯಾಡು ಕನಿಷ್ಠ 5 ಸೆಂಟಿಮೀಟರ್ ಚೌಕದ್ದಿರಲಿ. ಚಿಕ್ಕ ಪ್ಯಾಡಿನಲ್ಲಿ ಅಷ್ಟೇ ಕರೆಂಟು ಕಿರಿದಾದ ಜಾಗದಲ್ಲಿ ನುಗ್ಗುವುದರಿಂದ ಚುಚ್ಚುತ್ತದೆ; ಚುಚ್ಚಿದರೆ ಬೇಕಾದಷ್ಟು ತೀವ್ರತೆಗೆ ಹೋಗುವುದೇ ಆಗುವುದಿಲ್ಲ. ಮಿಡಿತದ ಅಗಲ, ಅಂದರೆ ಒಂದು ಮಿಡಿತದ ಅವಧಿ, ಸುಮಾರು 200 ಮೈಕ್ರೊಸೆಕೆಂಡು. ಕೆಲವು ಮಷೀನುಗಳಲ್ಲಿ ಟೆನ್ಸ್ ಜೊತೆಗೆ ಇಎಮ್ಎಸ್ ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಅದು ಸ್ನಾಯುವನ್ನು ಹಿಡಿದು ಬಿಗಿದು ಬಿಡಿಸುವ ಕಾರ್ಯಕ್ರಮ. ಗೊತ್ತಿಲ್ಲದೆ ಅದನ್ನೇ ಒಂದು ಗಂಟೆ ಹಾಕಿಕೊಂಡು ಮರುದಿನ ಬೆನ್ನು ಹಿಡಿದುಕೊಂಡು "ಟೆನ್ಸ್ ನನಗೆ ಆಗಿಬರಲಿಲ್ಲ" ಎನ್ನುವವರಿದ್ದಾರೆ.

ಚರ್ಮಕ್ಕೆ ಎಣ್ಣೆ, ಕ್ರೀಮು, ಪೌಡರು ಯಾವುದೂ ಇರಬಾರದು. ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಗಂಟಿದೆಯಲ್ಲ, ಅದರ ಸ್ವಲ್ಪ ಕೆಳಗೆ, ಬೆನ್ನೆಲುಬಿನಿಂದ ಎರಡು ಬೆರಳಿನಷ್ಟು ದೂರ, ಎಡಕ್ಕೊಂದು ಬಲಕ್ಕೊಂದು: ಇದು ಮೊದಲ ಚಾನೆಲ್. ಸೊಂಟದ ಮೂಳೆಯ ಮೇಲಂಚಿನ ಮಟ್ಟದಲ್ಲಿ ಅದೇ ರೀತಿ ಇನ್ನೆರಡು: ಎರಡನೆಯದು. ಮೇಲಿನ ಜೋಡಿ ತಾನೇ ಅಂಟಿಸಿಕೊಳ್ಳಲಾಗದು, ಯಾರಾದರೂ ಬೇಕು. ಅಂಟಿಸುವಾಗ ಸ್ವಲ್ಪ ಮುಂದೆ ಬಗ್ಗಿ ಕುಳಿತಿರಬೇಕು. ನೆಟ್ಟಗೆ ನಿಂತು ಅಂಟಿಸಿದರೆ ಮೊದಲ ಸಲ ಬಗ್ಗಿದಾಗಲೇ ಚರ್ಮ ಹಿಗ್ಗಿ ಪ್ಯಾಡಿನ ಒಂದು ಅಂಚು ಏಳುತ್ತದೆ. ಅಂಚು ಎದ್ದ ಪ್ಯಾಡಿನಲ್ಲಿ ಉಳಿದ ಭಾಗಕ್ಕೆ ಕರೆಂಟು ಹೆಚ್ಚಾಗಿ ಹೋಗಿ ಸೂಜಿ ಆಡಿಸಿದಂತಾಗುತ್ತದೆ. ಚುಚ್ಚುತ್ತಿದೆ ಎಂದು ಎಲ್ಲರೂ ಗುಂಡಿ ತಿರುಗಿಸಿ ಕಡಿಮೆ ಮಾಡುತ್ತಾರೆ. ಮಾಡಬೇಕಾದದ್ದು ಮಷೀನು ಆಫ್ ಮಾಡಿ, ಪ್ಯಾಡು ಬಿಡಿಸಿ ಮತ್ತೆ ಅಂಟಿಸುವುದು. ಅಂಟು ಒಣಗಿದ್ದರೆ ಒಂದು ಹನಿ ನೀರು ಸವರಿ ಒಂದೆರಡು ನಿಮಿಷ ಬಿಡಿ. ಆಗಲೂ ಹಿಡಿಯದಿದ್ದರೆ ಆ ಪ್ಯಾಡಿನ ಆಯುಸ್ಸು ಮುಗಿದಿದೆ.

ತೀವ್ರತೆಯ ವಿಷಯದಲ್ಲಿ ಆಗುವ ಎಡವಟ್ಟೇ ಎಲ್ಲಕ್ಕಿಂತ ಹೆಚ್ಚು. ಮೊದಲು ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ಬಹಳ ಜನ ಅಲ್ಲೇ ನಿಲ್ಲಿಸುತ್ತಾರೆ. ಆ ಮಟ್ಟ ಹುಸಿ ಟೆನ್ಸ್‌ನಿಂದ ತುಂಬಾ ದೂರವಿಲ್ಲ. ಮೆಲ್ಲಗೆ ಏರಿಸುತ್ತಾ ಹೋಗಿ: ಜುಮ್ಮೆನ್ನುವುದು ಗಟ್ಟಿ ಗುಂಯ್‌ಗುಡುವಿಕೆಯಾಗುತ್ತದೆ, ಆಮೇಲೆ "ಸಾಕಪ್ಪ" ಅನ್ನಿಸುವ ಒಂದು ಹಂತ ಬರುತ್ತದೆ. ಅಲ್ಲಿಂದ ಒಂದು ಹೆಜ್ಜೆ ಇಳಿಸಿ. ಬಲವಾಗಿರಬೇಕು, ನೋಯಬಾರದು. ಐದು ನಿಮಿಷದಲ್ಲಿ ಅದೇ ಕರೆಂಟು ಸಪ್ಪೆಯಾಗುತ್ತದೆ, ಮತ್ತೆ ಒಂದು ಹೆಜ್ಜೆ ಏರಿಸಿ. ಕೊನೆಯ ಹೊಂದಾಣಿಕೆ ಮಾಡುವುದು ಎದ್ದು ನಿಂತು, ನಾಲ್ಕು ಹೆಜ್ಜೆ ಹಾಕಿದ ಮೇಲೆ. ಕುಳಿತಾಗ ಹಿತವಾಗಿದ್ದದ್ದು ನಿಂತಾಗ, ಬೆನ್ನು ತಿರುಗಿಸಿದಾಗ ಬೇರೆಯೇ ಥರ ಬಡಿಯಬಹುದು. ಇನ್ನು, ಮುಟ್ಟಿದರೆ ನೋಯುವಷ್ಟು ಸೂಕ್ಷ್ಮ ಚರ್ಮ ಇರುವವರಿಗೆ ಮೊದಲ ದಿನವೇ ಈ ಮಟ್ಟ ಸಾಧ್ಯವಾಗದು. ಅವರು 10 ನಿಮಿಷದಿಂದ ಶುರುಮಾಡಿ, ತಾಳುವಷ್ಟರಲ್ಲಿ ಇಟ್ಟು, ಒಂದು ವಾರದಲ್ಲಿ ಮೇಲಕ್ಕೆ ಹೋಗಲಿ.

ಕಾಫಿಯ ಬಗ್ಗೆ ಒಂದು ಮಾತು. ಟೆನ್ಸ್‌ನ ಪರಿಣಾಮದಲ್ಲಿ ಅಡೆನೊಸಿನ್ ಎಂಬ ರಾಸಾಯನಿಕಕ್ಕೂ ಪಾಲಿದೆ, ಕೆಫೀನ್ ಅದಕ್ಕೆ ಅಡ್ಡ ನಿಲ್ಲುತ್ತದೆ. 200 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಲ್ಲಿ ಟೆನ್ಸ್ ಕೆಲಸ ಮಾಡದೆ ಹೋದದ್ದನ್ನು 1995ರಷ್ಟು ಹಿಂದೆಯೇ ಗಮನಿಸಿದ್ದಾರೆ. ಚಿಕ್ಕ ಪ್ರಯೋಗ ಅದು, ಆದರೆ ಕಾಫಿಯನ್ನು ನಡಿಗೆಯ ನಂತರಕ್ಕೆ ತಳ್ಳುವುದಕ್ಕೆ ಖರ್ಚೇನೂ ಇಲ್ಲ.

ಎಲ್ಲಿ ನಿಲ್ಲಬೇಕೆಂದು ಗಡಿಯಾರ ಹೇಳಲಿ

ನಡಿಗೆಗೆ ಹದಿನೈದು ನಿಮಿಷ ಮೊದಲು ಮಷೀನು ಹಾಕಿ, ಹಾಕಿಕೊಂಡೇ ನಡೆಯಿರಿ. ಮಷೀನು ಜೇಬಿನಲ್ಲಿ, ವಯರು ಅಂಗಿಯೊಳಗೆ. ಈಗ ಬರುವುದು ಯಾರೂ ಎಚ್ಚರಿಸದ ತೊಂದರೆ. ನೋವು ಇಳಿದಾಗ ಜನ ಜಾಸ್ತಿ ನಡೆಯುತ್ತಾರೆ. ವರ್ಷಗಟ್ಟಲೆ ಆಗದೆ ಹೋದದ್ದು ಆಗುತ್ತಿದೆ ಎಂಬ ಖುಷಿಯಲ್ಲಿ ಹತ್ತು ನಿಮಿಷ ನಲವತ್ತಾಗುತ್ತದೆ. ಆದರೆ ಸ್ನಾಯು ನಿನ್ನೆಯದ್ದೇ. ಟೆನ್ಸ್ ಅದಕ್ಕೆ ಬಲ ಕೊಟ್ಟಿಲ್ಲ. ಮರುದಿನದ ನೋವು ನಲವತ್ತು ನಿಮಿಷದ ಲೆಕ್ಕಕ್ಕೇ ಬರುತ್ತದೆ, ಆಪಾದನೆ ಮಷೀನಿನ ಮೇಲೋ ನಡಿಗೆಯ ಮೇಲೋ ಬೀಳುತ್ತದೆ. ಆದ್ದರಿಂದ ಟೆನ್ಸ್ ಹಾಕಿಕೊಂಡಿರುವಾಗ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನೋವಿಗೆ ಬಿಡಬೇಡಿ. ಹೊರಡುವ ಮೊದಲೇ ನಿಮಿಷ ಗೊತ್ತುಮಾಡಿ, ಮೊಬೈಲಿನಲ್ಲಿ ಅಲಾರಂ ಇಡಿ, ಹೊಡೆದಾಗ ನಿಲ್ಲಿಸಿ. ನಿಲ್ಲಿಸಲು ಮನಸ್ಸಿಲ್ಲದ ದಿನವೂ.

ಎಷ್ಟು ನಿಮಿಷ? ಕೆಟ್ಟ ದಿನದಲ್ಲೂ ಮಾಡಲು ಸಾಧ್ಯವಾಗುವಷ್ಟು. ಕೆಲವರಿಗೆ ಅದು 15 ನಿಮಿಷ, ಕೆಲವರಿಗೆ 3. ಮೂರಾದರೆ ಮೂರೇ, ನಾಚಿಕೆಪಡಬೇಕಾದ್ದಿಲ್ಲ. ದಿನ ಬಿಟ್ಟು ದಿನ ನಡೆದು, ಎರಡು ವಾರ ಏರುಪೇರಿಲ್ಲದೆ ಆಯಿತೆಂದರೆ ಒಂದೆರಡು ನಿಮಿಷ ಸೇರಿಸಿ. ಮೊದಲು ಹೊತ್ತು ಹೆಚ್ಚಲಿ, ಬಿರುಸು ಆಮೇಲೆ. ಬಿರುಸು ಅಳೆಯಲು ನಾಡಿ ಲೆಕ್ಕವನ್ನು ನೆಚ್ಚಿಕೊಳ್ಳುವುದು ಬೇಡ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಅದನ್ನು ಇಳಿಸುತ್ತದೆ, ಈ ಕಾಯಿಲೆಗೆ ಕೊಡುವ ಅಮಿಟ್ರಿಪ್ಟಿಲಿನ್ ಏರಿಸುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಸಾಕು. ಇಳಿಜಾರು ಮತ್ತು ಮೆಟ್ಟಿಲು ಇಳಿಯುವುದನ್ನು ಮೊದಲ ತಿಂಗಳು ದೂರವಿಡಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರುವುದರಿಂದ ಮರುದಿನದ ಸ್ನಾಯುನೋವು ಹತ್ತುವುದಕ್ಕಿಂತ ಹೆಚ್ಚು. ಏರುವುದೇ ಕಷ್ಟ, ಇಳಿಯುವುದು ಸಲೀಸು ಎಂದುಕೊಂಡವರು ಇಲ್ಲಿ ಮೋಸಹೋಗುತ್ತಾರೆ.

ನಡಿಗೆಯೊಂದೇ ಸಾಲದು, ಬಲದ ವ್ಯಾಯಾಮವೂ ಬೇಕು. ಸ್ವೀಡನ್ನಿನಲ್ಲಿ 130 ಮಹಿಳೆಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಎರಡು ಸಲ, 15 ವಾರ ಭಾರ ಎತ್ತಿಸಿದ್ದರು. ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ. 40ರಿಂದ ಆರಂಭಿಸಿ, ವಾರಗಟ್ಟಲೆ ಕಾದು ಏರಿಸಿದ್ದರು. ಬಲವೂ ಹೆಚ್ಚಿತು, ನೋವೂ ಇಳಿಯಿತು. ಮನೆಯಲ್ಲಾದರೆ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ರಬ್ಬರ್ ಬ್ಯಾಂಡ್ ಹಿಡಿದು ಹಿಂದಕ್ಕೆಳೆಯುವುದು. ಕುರ್ಚಿ ಎತ್ತರವಾಗಿರಲಿ, ಬೇಕಾದರೆ ದಿಂಬು ಹಾಕಿ. ಕುಳಿತುಕೊಳ್ಳುವಾಗ ಧಪ್ಪೆಂದು ಬೀಳದೆ, ಹಾಗೆಂದು ಅತಿ ನಿಧಾನವಾಗಿಯೂ ಇಳಿಯದೆ, ಸಹಜ ವೇಗದಲ್ಲಿ. 5 ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು, ಮತ್ತೆ 5. ನಡಿಗೆಯ ದಿನ ನಡಿಗೆ, ಬಲದ ದಿನ ಬಲ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಚಲನೆಗೇ ಹೆದರುವವರಿಗೆ ತಾಯ್ ಚೀ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ ಒಳ್ಳೆಯ ಬಾಗಿಲು. 226 ಜನರ 2018ರ ಅಧ್ಯಯನವೊಂದರಲ್ಲಿ ಅದು ಏರೋಬಿಕ್ ವ್ಯಾಯಾಮಕ್ಕೆ ಸಮನಾಗಿ, ಕೆಲವು ಲೆಕ್ಕದಲ್ಲಿ ಮೇಲಾಗಿಯೂ ನಿಂತಿತು.

ವ್ಯಾಯಾಮದ ನಂತರ ನೋವು ಹೆಚ್ಚಾಗಿ, ಒಂದೆರಡು ದಿನದಲ್ಲಿ ಮೊದಲಿನ ಮಟ್ಟಕ್ಕೆ ಬಂದರೆ ಪ್ರಮಾಣ ಸರಿಯಿದೆ. ಬರಲಿಲ್ಲವೆಂದರೆ ಮೂರನೇ ಒಂದು ಭಾಗ ಕಡಿತಮಾಡಿ, ಪೂರ್ತಿ ನಿಲ್ಲಿಸಬೇಡಿ. ಆದರೆ ಇಲ್ಲೊಂದು ಗೆರೆ ಇದೆ. ಸಣ್ಣ ಶ್ರಮದ ನಂತರ, ಒಂದು ದಿನ ತಡವಾಗಿ, ನೋವಿಗಿಂತ ಹೆಚ್ಚಾಗಿ ಇಡೀ ಮೈ ಕುಸಿದಂತಾಗಿ, ಜ್ವರ ಬಂದ ಹಾಗೆ ಮಲಗಿ, ದಿನಗಟ್ಟಲೆ ಏಳಲಾಗದವರು ಈ ಏರಿಕೆಯ ಲೆಕ್ಕ ಹಿಡಿಯಬಾರದು. ಅದು ದೀರ್ಘಕಾಲದ ಬಳಲಿಕೆಯ ಕಾಯಿಲೆಯಾದ ಎಮ್ಇಯ ಲಕ್ಷಣ. ಕೆಲವರಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಅಂಥವರಿಗೆ ಹಂತಹಂತವಾಗಿ ವ್ಯಾಯಾಮ ಏರಿಸುವ ಪದ್ಧತಿಯನ್ನು ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿತು. ಇದು ಎಮ್ಇಯೋ ಅಲ್ಲವೋ ಎಂಬುದನ್ನು ಮೊದಲು ವೈದ್ಯರ ಹತ್ತಿರ ಖಚಿತಮಾಡಿಕೊಳ್ಳಿ.

ಕಿವಿಗೆ ಸಿಕ್ಕಿಸುವ ಕ್ಲಿಪ್ಪು

ಮಿದುಳಿನಿಂದ ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಒಂದು ಕವಲು ಹೊರಗಿವಿಯ ಗುಳಿಗೆ ಬರುತ್ತದೆ. ಅಲ್ಲಿ ಕ್ಲಿಪ್ಪು ಸಿಕ್ಕಿಸಿ, ಹೆಚ್ಚಾಗಿ ಎಡಗಿವಿಗೆ, ಸುಮಾರು 25 ಹರ್ಟ್ಸ್ ಕರೆಂಟು ಕೊಡುವುದು ಈಗ ಚಾಲ್ತಿಯಲ್ಲಿದೆ. ತರ್ಕವೇನೋ ಒಪ್ಪುವಂಥದ್ದೇ: ಈ ಕಾಯಿಲೆಯಲ್ಲಿ, ಹೃದಯ ಬಡಿತದಂಥವನ್ನು ತಾನಾಗಿ ನಡೆಸುವ ಸ್ವಾಯತ್ತ ನರವ್ಯೂಹ ಉದ್ವೇಗದ ಕಡೆಗೆ ವಾಲಿರುತ್ತದೆ, ವೇಗಸ್ ಅದನ್ನು ಶಾಂತಗೊಳಿಸಬೇಕು. ಆದರೆ ಫೈಬ್ರೊಮಯಾಲ್ಜಿಯಾದಲ್ಲಿ ಇದರ ಅಧ್ಯಯನಗಳು ಚಿಕ್ಕವು, ಫಲಿತಾಂಶ ಒಂದೇ ದಿಕ್ಕಿಗಿಲ್ಲ. ದುಡ್ಡು ಒಂದಕ್ಕೇ ಇದ್ದರೆ ಬೆನ್ನಿನ ಟೆನ್ಸ್‌ಗೇ ಕೊಡಿ. ತಲೆಗೆ ಕೊಡುವ ಕರೆಂಟು ಮತ್ತು ಅಯಸ್ಕಾಂತದ ಚಿಕಿತ್ಸೆಗಳದ್ದು ಬೇರೆಯೇ ಲೋಕ, ಅವು ತಜ್ಞರ ಕೈಯಲ್ಲಿರಲಿ.

ಟೆನ್ಸ್ ಯಾರಿಗೆ ಬೇಡ ಎಂಬ ಪಟ್ಟಿ ಮಷೀನಿನ ಡಬ್ಬಿಯಲ್ಲೇ ಇರುತ್ತದೆ, ಓದುವವರು ಕಡಿಮೆ. ಪೇಸ್‌ಮೇಕರ್ ಅಥವಾ ಎದೆಯೊಳಗೆ ಡಿಫಿಬ್ರಿಲೇಟರ್ ಇರುವವರು ಹೃದಯ ವೈದ್ಯರನ್ನು ಕೇಳದೆ ಮುಟ್ಟಬಾರದು. ಕತ್ತಿನ ಮುಂಭಾಗಕ್ಕೆ ಯಾರೂ ಅಂಟಿಸಬಾರದು, ಅಲ್ಲಿ ರಕ್ತದೊತ್ತಡವನ್ನು ಗಮನಿಸುವ ನರಗಳಿವೆ. ಗರ್ಭಿಣಿಯರ ಹೊಟ್ಟೆ ಮತ್ತು ಸೊಂಟ, ಗಾಯವಾದ ಚರ್ಮ, ಸ್ಪರ್ಶವೇ ತಿಳಿಯದ ಜಾಗ, ಕ್ಯಾನ್ಸರ್ ಗಡ್ಡೆ ಇರುವ ಕಡೆ ಬೇಡ. ಮೂರ್ಛೆರೋಗ ಇದ್ದರೆ ಕೇಳಿ ಬಳಸಿ. ವಾಹನ ಓಡಿಸುವಾಗ, ಸ್ನಾನದಲ್ಲಿ, ನಿದ್ದೆಯಲ್ಲಿ ತೆಗೆದಿಡಿ. ಪ್ಯಾಡಿನ ಕೆಳಗೆ ಕೆಂಪಾಗಿ ಸ್ವಲ್ಪ ಹೊತ್ತಿಗೆ ಮಾಯವಾದರೆ ಚಿಂತೆಯಿಲ್ಲ. ತುರಿಕೆ, ಗುಳ್ಳೆ ಬಂದರೆ ಅಂಟಿನ ಅಲರ್ಜಿ, ಪ್ಯಾಡು ಬದಲಿಸಿ.

ಇಟ್ಟುಕೊಳ್ಳುವುದೋ ಬಿಡುವುದೋ

ಮಷೀನು ಕೊಳ್ಳುವ ಮೊದಲು, ಸಾಧ್ಯವಾದರೆ ಬಾಡಿಗೆಗೋ ಸಾಲಕ್ಕೋ ತಂದು, ಒಂದು ಲೆಕ್ಕ ಮಾಡಿ. ಸಮತಟ್ಟಾದ ಜಾಗದಲ್ಲಿ 6 ನಿಮಿಷ ನಿಮ್ಮದೇ ವೇಗದಲ್ಲಿ ನಡೆಯಿರಿ. ಆಗದಿದ್ದರೆ 2 ನಿಮಿಷ, ಆದರೆ ಪ್ರತಿ ಸಲವೂ ಅಷ್ಟೇ. ನಿಲ್ಲುವ ಮೊದಲು, ಇನ್ನೂ ಹೆಜ್ಜೆ ಹಾಕುತ್ತಿರುವಾಗಲೇ, ನೋವಿಗೊಂದು ಸುಸ್ತಿಗೊಂದು ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು ಬರೆದಿಡಿ. ಕುಳಿತ ಮೇಲೆ ಬರೆದರೆ ಅದು ಬೇರೆ ನೋವಿನ ಲೆಕ್ಕ. ಮಷೀನಿಲ್ಲದೆ ಮೂರು ಬೇರೆ ಬೇರೆ ದಿನ ಹೀಗೆ ಮಾಡಿ ಸರಾಸರಿ ತೆಗೆಯಿರಿ, ಒಂದೇ ದಿನದ ಅಂಕ ಈ ಕಾಯಿಲೆಯಲ್ಲಿ ಏನನ್ನೂ ಹೇಳುವುದಿಲ್ಲ. ಆಮೇಲೆ 4 ವಾರ ಮೇಲೆ ಹೇಳಿದ ಹಾಗೆ ಬಳಸಿ, ಮಷೀನು ಹಾಕಿಕೊಂಡು ಮತ್ತೆ ಮೂರು ದಿನ ಅಳೆಯಿರಿ. ನೋವು ಎರಡು ಅಂಕ ಅಥವಾ ಮೂರನೇ ಒಂದರಷ್ಟು ಇಳಿದಿದ್ದರೆ ಇಟ್ಟುಕೊಳ್ಳಿ. ಇಳಿದಿಲ್ಲ, ತೀವ್ರತೆ ಮತ್ತು ಪ್ಯಾಡು ಎರಡೂ ಸರಿಯಿದ್ದವು ಎಂದಾದರೆ ವಾಪಸು ಕೊಡಿ. ನಡಿಗೆಯ ನಿಮಿಷಗಳನ್ನು ಮಾತ್ರ ಎಲ್ಲಿಗೆ ಬಂದಿದೆಯೋ ಅಲ್ಲಿಂದಲೇ ಮುಂದುವರಿಸಿ.